ನೊಣಗಳ ವಂಶವೃಕ್ಷ ಬರೆದ ವಿಲ್ಲಿ ಹೆನ್ನಿಗ್

ಮನೆಯೊಳಗೆ ನೊಣ ಬಂದರೆ ನಾವೇನು ಮಾಡುತ್ತೇವೆ? ಕೈ ಬೀಸಿ ಓಡಿಸುತ್ತೇವೆ, ಇಲ್ಲವೇ ಹಳೆಯ ಪತ್ರಿಕೆಯೊಂದನ್ನು ಮಡಚಿ ಹೊಡೆಯುತ್ತೇವೆ. ಖರ್ಜೂರ ಹಣ್ಣಾಗುವ ಈ ಕೊಲ್ಲಿ ನಾಡಿನಲ್ಲಾಗಲಿ, ಮಾವು ಹಲಸು ಹಣ್ಣಾಗುವ ನಮ್ಮ ಊರುಗಳಲ್ಲಾಗಲಿ ನೊಣಕ್ಕೆ ಸಿಗುವ ಮರ್ಯಾದೆ ಒಂದೇ. ಕೆಲಸವಿಲ್ಲದೆ ಕುಳಿತವನನ್ನು ನೊಣ ಹೊಡೆಯುತ್ತಾ ಕೂತಿದ್ದಾನೆ ಎಂದು ನಾವು ಕನ್ನಡದಲ್ಲಿ ಹಾಸ್ಯ ಮಾಡುತ್ತೇವೆ. ಆದರೆ ಒಬ್ಬ ಮನುಷ್ಯ ಜೀವನವಿಡೀ ನೊಣಗಳ ಮುಂದೆಯೇ ಕುಳಿತಿದ್ದರು. ಆ ಕೆಲಸದಿಂದ ಜೀವಶಾಸ್ತ್ರದ ದಾರಿಯೇ ಬದಲಾಯಿತು. ಅವರ ಹೆಸರು ವಿಲ್ಲಿ ಹೆನ್ನಿಗ್. ಈ ಸಂಚಿಕೆಯಲ್ಲಿ ಅವರನ್ನು ನಮ್ಮ ವಿದ್ಯಾರ್ಥಿಗಳಿಗೂ ಪೋಷಕರಿಗೂ ಪರಿಚಯಿಸಲು ಬಯಸುತ್ತೇವೆ.

ಬಾಲ್ಯ

ಹೆನ್ನಿಗ್ ಹುಟ್ಟಿದ್ದು 1913ರ ಏಪ್ರಿಲ್ 20ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಡ್ಯೂರ್‌ಹೆನ್ನರ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ತಂದೆ ರೈಲ್ವೆಯಲ್ಲಿ ಕೆಲಸಗಾರರು. ತಾಯಿ ಮೊದಲು ಮನೆಗೆಲಸ ಮಾಡಿ, ಆಮೇಲೆ ಕಾರ್ಖಾನೆಯಲ್ಲಿ ದುಡಿದವರು. ಮೂವರು ಗಂಡುಮಕ್ಕಳಲ್ಲಿ ವಿಲ್ಲಿಯೇ ಹಿರಿಯವರು. ಮನೆಯಲ್ಲಿ ಶ್ರೀಮಂತಿಕೆ ಇರಲಿಲ್ಲ, ವಿಜ್ಞಾನಿಗಳ ಪರಂಪರೆಯೂ ಇರಲಿಲ್ಲ. ಹುಡುಗ ಮಾತ್ರ ಮೌನಿ, ಓದುವವನು, ಹುಳುಹುಪ್ಪಟೆ ಸಂಗ್ರಹಿಸುವವನು.

1927ರಲ್ಲಿ ಅವರು ಡ್ರೆಸ್ಡೆನ್ ನಗರದ ಹತ್ತಿರದ ವಸತಿ ಶಾಲೆಗೆ ಸೇರಿದರು. ಅಲ್ಲಿನ ಅಧ್ಯಾಪಕರೊಬ್ಬರಿಗೆ ಕೀಟಗಳಲ್ಲಿ ಆಸಕ್ತಿಯಿತ್ತು. ಹುಡುಗನ ಒಲವನ್ನು ಗಮನಿಸಿದ ಅವರು ಅವನನ್ನು ಡ್ರೆಸ್ಡೆನ್ನಿನ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದ ವಿಲ್ಹೆಲ್ಮ್ ಮೈಸೆ ಎಂಬ ವಿಜ್ಞಾನಿಗೆ ಪರಿಚಯಿಸಿದರು. ಒಬ್ಬ ಶಿಕ್ಷಕರ ಒಂದು ಪರಿಚಯ ಒಂದು ಬದುಕನ್ನೇ ತಿರುಗಿಸಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಶಾಲೆಯಲ್ಲಿದ್ದಾಗಲೇ ಹೆನ್ನಿಗ್ ಪ್ರಾಣಿಶಾಸ್ತ್ರದಲ್ಲಿ ವರ್ಗೀಕರಣಕ್ಕೆ ಇರುವ ಸ್ಥಾನ ಎಂಬ ವಿಷಯದ ಮೇಲೆ ಒಂದು ಪ್ರಬಂಧ ಬರೆದರು. ಮುಂದೆ ಅವರ ಇಡೀ ಜೀವನದ ಪ್ರಶ್ನೆಯಾದದ್ದು ಇದೇ. ಆ ಶಾಲಾ ಪ್ರಬಂಧ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1978ರಲ್ಲಿ!

ಹಾರುವ ಓತಿಯಿಂದ ನೊಣದವರೆಗೆ

ಮೈಸೆ ಅವರೊಂದಿಗೆ ಸೇರಿ ಹೆನ್ನಿಗ್ ಮೊದಲು ಅಧ್ಯಯನ ಮಾಡಿದ್ದು ಮರವೇರುವ ಹಾವುಗಳನ್ನು. ಆ ಲೇಖನ 1932ರಲ್ಲಿ ಪ್ರಕಟವಾದಾಗ ಅವರಿಗೆ ಹತ್ತೊಂಬತ್ತು ವರ್ಷ. ಅದಾದ ಮೇಲೆ ಅವರು ಹಾರುವ ಓತಿಗಳ ಕಡೆ ತಿರುಗಿದರು. 1936ರಲ್ಲಿ ಡ್ರೇಕೋ ಎಂಬ ಆ ಗುಂಪನ್ನು ಪೂರ್ತಿಯಾಗಿ ಪರಿಷ್ಕರಿಸಿ ಬರೆದರು. ಪೂರ್ಣಚಂದ್ರ ತೇಜಸ್ವಿ ಅವರ 1980ರ ಕಾದಂಬರಿ ಕರ್ವಾಲೊವನ್ನು ಓದಿದ ಪೋಷಕರಿಗೆ ಇಲ್ಲಿ ಕಿವಿ ನೆಟ್ಟಗಾಗಬೇಕು. ಮಲೆನಾಡಿನ ಕಾಡಿನಲ್ಲಿ ಮರದಿಂದ ಮರಕ್ಕೆ ತೇಲುವ ಓತಿ ಕೂಡ ಈ ಡ್ರೇಕೋ ಗುಂಪಿನದೇ. ಕನ್ನಡಿಗರಿಗೆ ಬೆರಗಾದ ಪ್ರಾಣಿಯೇ ಸ್ಯಾಕ್ಸನಿಯ ಈ ತರುಣನಿಗೂ ಪಾಠ ಕಲಿಸಿತ್ತು.

ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರು ನೊಣಗಳನ್ನು ಆರಿಸಿಕೊಂಡರು. 1936ರಲ್ಲಿ ಡಾಕ್ಟರೇಟ್ ಪಡೆದದ್ದು ನೊಣಗಳ ಹೊಟ್ಟೆಯ ತುದಿಯಲ್ಲಿರುವ ಸಂತಾನ ಅಂಗಗಳ ರಚನೆಯನ್ನು ಹೋಲಿಸಿ ನೋಡಿದ ಪ್ರಬಂಧಕ್ಕಾಗಿ. ಇಂತಹ ಅಧ್ಯಯನಕ್ಕೆ ತೌಲನಿಕ ಅಂಗರಚನಾಶಾಸ್ತ್ರ ಎನ್ನುತ್ತಾರೆ. ಮರುವರ್ಷ ಬರ್ಲಿನ್ನಿನ ಜರ್ಮನ್ ಕೀಟಶಾಸ್ತ್ರ ಸಂಸ್ಥೆಯಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು, 1939ರಲ್ಲಿ ಅಲ್ಲಿಯೇ ಖಾಯಂ ಕೆಲಸವೂ ಆಯಿತು. ಅದೇ ವರ್ಷ ಮೇ ತಿಂಗಳಲ್ಲಿ ಸಹಪಾಠಿ ಇರ್ಮಾ ಅವರೊಂದಿಗೆ ಮದುವೆ. ಮುಂದೆ ಅವರಿಗೆ ಮೂವರು ಗಂಡುಮಕ್ಕಳಾದರು.

ನೊಣವೇ ಏಕೆ ಎಂದು ಕೇಳಬಹುದು. ಇಂದು ವಿಜ್ಞಾನಿಗಳು ಹೆಸರಿಟ್ಟಿರುವ ನೊಣ ಮತ್ತು ಸೊಳ್ಳೆಗಳ ಪ್ರಭೇದಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಮನೆನೊಣ, ಸೊಳ್ಳೆ, ಕೊಳೆತ ಬಾಳೆಹಣ್ಣಿನ ಮೇಲೆ ಸುತ್ತುವ ಸಣ್ಣ ನೊಣ, ದನಗಳ ರಕ್ತ ಹೀರುವ ದೊಡ್ಡ ನೊಣ, ಇವೆಲ್ಲ ಡಿಪ್ಟೆರಾ ಎಂಬ ಒಂದೇ ಗಣಕ್ಕೆ ಸೇರಿದವು. ಡಿಪ್ಟೆರಾ ಎಂದರೆ ಎರಡು ರೆಕ್ಕೆಯವು ಎಂದರ್ಥ. ಚಿಟ್ಟೆಗೂ ಜೇನುಹುಳುವಿಗೂ ನಾಲ್ಕು ರೆಕ್ಕೆಗಳಿರುತ್ತವೆ. ನೊಣಕ್ಕೆ ಎರಡೇ. ಹಿಂದಿನ ಜೋಡಿ ರೆಕ್ಕೆಗಳು ಕುಗ್ಗಿ, ತುದಿಯಲ್ಲಿ ಗುಂಡಗಿರುವ ಎರಡು ಪುಟ್ಟ ಕಡ್ಡಿಗಳಾಗಿವೆ. ಹಾರುವಾಗ ಇವು ಮೇಲೆ ಕೆಳಗೆ ಅದುರುತ್ತಾ ಮೈಯ ಸಮತೋಲನ ಕಾಯುತ್ತವೆ. ನಾವು ಬೀಸಿದ ಪತ್ರಿಕೆಯಿಂದ ನೊಣ ತಪ್ಪಿಸಿಕೊಳ್ಳುವ ಗುಟ್ಟಿನಲ್ಲಿ ಈ ಕಡ್ಡಿಗಳ ಪಾಲೂ ಇದೆ.

ಇಷ್ಟು ದೊಡ್ಡ ಬಳಗದಲ್ಲಿ ಯಾರು ಯಾರಿಗೆ ಅಣ್ಣತಮ್ಮ, ಯಾರು ದೂರದ ನೆಂಟ? ಹೆನ್ನಿಗ್ ಅವರಿಗಿಂತ ಮೊದಲೂ ಅನೇಕರು ಈ ಕೆಲಸಕ್ಕೆ ಕೈ ಹಾಕಿದ್ದರು. ಜರ್ಮನಿಯವರೇ ಆದ ಯೋಹಾನ್ ವಿಲ್ಹೆಲ್ಮ್ ಮೈಗನ್ (1764-1845) ರೆಕ್ಕೆಯ ನರಗಳ ಜಾಲವನ್ನು ನೋಡಿ ನೊಣಗಳನ್ನು ವಿಂಗಡಿಸಿ, ಸಾವಿರಾರು ಪ್ರಭೇದಗಳನ್ನು ವರ್ಣಿಸಿದ್ದರು. ಆದರೆ ಯಾವ ಹೋಲಿಕೆಯನ್ನು ನಂಬಬೇಕು, ಯಾವುದನ್ನು ನಂಬಬಾರದು ಎನ್ನುವುದಕ್ಕೆ ಎಲ್ಲರೂ ಒಪ್ಪುವ ನಿಯಮವಿರಲಿಲ್ಲ. ಅನುಭವಿ ತಜ್ಞರ ಮಾತೇ ನಿಯಮವಾಗಿತ್ತು. ಇಬ್ಬರು ತಜ್ಞರು ಬೇರೆ ಬೇರೆ ಮಾತು ಹೇಳಿದರೆ ಯಾರದು ಸರಿ ಎಂದು ತೀರ್ಮಾನಿಸುವ ದಾರಿಯಿರಲಿಲ್ಲ.

ಯುದ್ಧ ಮತ್ತು ಒಂದು ನೋಟ್‌ಬುಕ್

ಈ ಪ್ರಶ್ನೆಗೆ ಉತ್ತರ ಹುಡುಕುವ ಹೊತ್ತಿಗೆ ಎರಡನೇ ಮಹಾಯುದ್ಧ ಬಂತು. ಹೆನ್ನಿಗ್ ಅವರನ್ನು ಕಾಲಾಳು ಪಡೆಗೆ ಸೇರಿಸಿದರು. ಪೋಲೆಂಡ್, ಫ್ರಾನ್ಸ್, ಡೆನ್ಮಾರ್ಕ್, ಕೊನೆಗೆ ರಷ್ಯಾ. ಅಲ್ಲಿ 1942ರಲ್ಲಿ ಸಿಡಿಗುಂಡಿನ ಚೂರು ತಗುಲಿ ಗಾಯಗೊಂಡರು. ಆಮೇಲೆ ಅವರನ್ನು ಕೀಟತಜ್ಞರಾಗಿ ಸೈನ್ಯದ ವೈದ್ಯಕೀಯ ವಿಭಾಗಕ್ಕೆ ಕಳುಹಿಸಿದರು. ಅವರ ಕಿರಿಯ ತಮ್ಮ 1943ರಲ್ಲಿ ಸ್ಟಾಲಿನ್‌ಗ್ರಾಡ್ ಯುದ್ಧದಲ್ಲಿ ಕಾಣೆಯಾದರು. ಅವರು ಮನೆಗೆ ಹಿಂದಿರುಗಲೇ ಇಲ್ಲ. ಹಿಟ್ಲರನ ಜರ್ಮನಿ ಹೂಡಿದ ಆ ಯುದ್ಧ ಕೋಟ್ಯಂತರ ಜನರ ಪ್ರಾಣ ತೆಗೆಯಿತು. ಅದೇ ಸೈನ್ಯದ ಸಮವಸ್ತ್ರ ತೊಟ್ಟಿದ್ದವರಲ್ಲಿ ಹೆನ್ನಿಗ್ ಕೂಡ ಒಬ್ಬರು ಎಂಬುದನ್ನು ನಾವು ಮರೆಮಾಚಬಾರದು.

ಯುದ್ಧದ ಕೊನೆಯ ದಿನಗಳಲ್ಲಿ ಅವರಿದ್ದದ್ದು ಉತ್ತರ ಇಟಲಿಯಲ್ಲಿ. ಸೈನಿಕರಿಗೆ ಮಲೇರಿಯಾ ಹರಡದಂತೆ ಸೊಳ್ಳೆಗಳನ್ನು ತಡೆಯುವುದು ಅವರ ಕೆಲಸ. 1945ರ ಮೇ ತಿಂಗಳಲ್ಲಿ ಬ್ರಿಟಿಷರ ಕೈಗೆ ಸೆರೆ ಸಿಕ್ಕರು. ಸೆರೆಯಾದ ಮೇಲೂ ಮಲೇರಿಯಾ ತಡೆಯುವ ಅದೇ ಕೆಲಸವನ್ನು ಮುಂದುವರಿಸಿದರು. ಸೊಳ್ಳೆಗೆ ಗೆದ್ದವರು ಸೋತವರು ಎಂಬ ಭೇದ ಎಲ್ಲಿದೆ!

ಆ ಸೆರೆಯ ತಿಂಗಳುಗಳಲ್ಲಿ ಹೆನ್ನಿಗ್ ಒಂದು ನೋಟ್‌ಬುಕ್ ತೆಗೆದುಕೊಂಡು ಬರೆಯಲು ಕುಳಿತರು. ಕೈಗೆಟುಕುವ ದೊಡ್ಡ ಗ್ರಂಥಾಲಯವಿಲ್ಲ, ಸಂಸ್ಥೆಯ ಸಂಗ್ರಹವಿಲ್ಲ. ದೇಶ ಸೋತಿದೆ. ಊರಿನಲ್ಲಿ ಹೆಂಡತಿ ಮತ್ತು ಚಿಕ್ಕ ಮಕ್ಕಳು. ಅಂತಹ ಹೊತ್ತಿನಲ್ಲಿ ಅವರು ಬರೆದದ್ದು ಜೀವಿಗಳ ರಕ್ತಸಂಬಂಧವನ್ನು ಕಂಡುಹಿಡಿಯುವ ಸಿದ್ಧಾಂತದ ಮೊದಲ ಕರಡನ್ನು. ಅದೇ 1950ರಲ್ಲಿ ಬರ್ಲಿನ್ನಿನಲ್ಲಿ ಜರ್ಮನ್ ಭಾಷೆಯ ಪುಸ್ತಕವಾಗಿ ಹೊರಬಂತು.

ಅವರು ಹೇಳಿದ್ದೇನು?

ಸಿದ್ಧಾಂತದ ತಿರುಳನ್ನು ನಮ್ಮ ಮನೆಯ ಉದಾಹರಣೆಯಿಂದಲೇ ತಿಳಿಯಬಹುದು. ಮದುವೆ ಮನೆಯಲ್ಲಿ ನೂರು ಜನ ನೆಂಟರು ಸೇರಿದ್ದಾರೆ ಎನ್ನೋಣ. ಎಲ್ಲರಿಗೂ ಕಪ್ಪು ಕೂದಲು. ಕಪ್ಪು ಕೂದಲಿದೆ ಎಂಬ ಕಾರಣಕ್ಕೆ ಇಬ್ಬರನ್ನು ಅಕ್ಕತಂಗಿಯರು ಎನ್ನಲಾದೀತೇ? ಇಲ್ಲ. ಅದು ಬಹಳ ಹಿಂದಿನ ತಲೆಮಾರಿನಿಂದ ಎಲ್ಲರಿಗೂ ಬಂದದ್ದು. ಆದರೆ ಅವರಲ್ಲಿ ಐದು ಮಕ್ಕಳಿಗೆ ಮಾತ್ರ ಕೆನ್ನೆಯಲ್ಲಿ ಗುಳಿ ಬೀಳುತ್ತದೆ, ಅದು ಅವರ ಅಜ್ಜಿಯಿಂದ ಮೊದಲಾಗಿ ಬಂದದ್ದು ಎಂದುಕೊಳ್ಳಿ. ಆಗ ಆ ಐವರು ಒಂದೇ ಅಜ್ಜಿಯ ಮೊಮ್ಮಕ್ಕಳು ಎಂದು ಊಹಿಸಲು ಒಳ್ಳೆಯ ಆಧಾರ ಸಿಗುತ್ತದೆ.

ಹೆನ್ನಿಗ್ ಹೇಳಿದ್ದೂ ಇಷ್ಟೇ. ಹೋಲಿಕೆಗಳಲ್ಲಿ ಎರಡು ಬಗೆ. ಒಂದು, ಹಳೆಯ ಪೂರ್ವಜರಿಂದ ಎಲ್ಲರಿಗೂ ಉಳಿದುಬಂದದ್ದು. ಇನ್ನೊಂದು, ನಡುವೆ ಒಂದು ಕವಲಿನಲ್ಲಿ ಹೊಸದಾಗಿ ಹುಟ್ಟಿ ಆ ಕವಲಿನವರಿಗೆ ಮಾತ್ರ ಬಂದದ್ದು. ಹತ್ತಿರದ ಸಂಬಂಧಕ್ಕೆ ಸಾಕ್ಷಿ ಹೇಳುವುದು ಎರಡನೆಯದು ಮಾತ್ರ. ಹಳೆಯ ಹೋಲಿಕೆ ಎಷ್ಟೇ ಕಣ್ಣಿಗೆ ಹೊಡೆದರೂ ಅದು ಸಾಕ್ಷಿಯಲ್ಲ. ಜೊತೆಗೆ ಇನ್ನೊಂದು ನಿಯಮ: ಒಂದು ಗುಂಪು ಎಂದು ಹೆಸರಿಟ್ಟರೆ ಅದರಲ್ಲಿ ಒಬ್ಬ ಪೂರ್ವಜನೂ ಆ ಪೂರ್ವಜನ ಎಲ್ಲ ಸಂತತಿಯೂ ಇರಬೇಕು. ಬೇಕಾದವರನ್ನು ಇಟ್ಟುಕೊಂಡು ಬೇಡದವರನ್ನು ಬಿಡುವಂತಿಲ್ಲ. ಗ್ರೀಕ್ ಭಾಷೆಯಲ್ಲಿ ಕೊಂಬೆಗೆ ಇರುವ ಹೆಸರಿನಿಂದ ಈ ಪದ್ಧತಿಗೆ ಕ್ಲಾಡಿಸ್ಟಿಕ್ಸ್ ಎಂಬ ಹೆಸರು ಬಂದಿದೆ.

ಇದನ್ನು ನೊಣಗಳಿಗೆ ಅನ್ವಯಿಸಿ ನೋಡಿ. ಸೊಳ್ಳೆ ಮತ್ತು ಅದರಂತಹ ತೆಳ್ಳನೆಯ ಹುಳುಗಳಿಗೆ ಅನೇಕ ಗಂಟುಗಳಿರುವ ಉದ್ದನೆಯ ಕುಡಿಮೀಸೆಗಳಿವೆ. ಮನೆನೊಣದ ಬಳಗಕ್ಕೆ ಗಿಡ್ಡ ಮೀಸೆ. ಆದ್ದರಿಂದ ಹಿಂದಿನವರು ಉದ್ದ ಮೀಸೆಯವು ಒಂದು ಗುಂಪು, ಗಿಡ್ಡ ಮೀಸೆಯವು ಇನ್ನೊಂದು ಗುಂಪು ಎಂದು ಎರಡು ಭಾಗ ಮಾಡಿದ್ದರು. ನೋಡಲು ಅಚ್ಚುಕಟ್ಟಾಗಿದೆ. ಆದರೆ ಉದ್ದ ಮೀಸೆ ಎಲ್ಲ ನೊಣಗಳ ಪೂರ್ವಜರಿಗೇ ಇದ್ದ ಹಳೆಯ ಲಕ್ಷಣ, ಕಪ್ಪು ಕೂದಲಿನಂತೆ. ಗಿಡ್ಡ ಮೀಸೆ ಹೊಸದು, ಕೆನ್ನೆಯ ಗುಳಿಯಂತೆ. ಆದ್ದರಿಂದ ಗಿಡ್ಡ ಮೀಸೆಯ ಗುಂಪು ನಿಜವಾದ ಕುಟುಂಬ. ಉದ್ದ ಮೀಸೆಯವು ಒಂದೇ ಮನೆಯವಲ್ಲ. ಅವುಗಳಲ್ಲಿ ಕೆಲವು ಮನೆನೊಣಕ್ಕೇ ಹೆಚ್ಚು ಹತ್ತಿರ!

ಇನ್ನೊಂದು ಸೊಗಸಾದ ಉದಾಹರಣೆ ಇದೆ. ಮನೆನೊಣದ ಮರಿಹುಳು ಕೊನೆಯಲ್ಲಿ ತನ್ನ ಚರ್ಮವನ್ನೇ ಗಟ್ಟಿ ಮಾಡಿಕೊಂಡು, ಸಣ್ಣ ಪೀಪಾಯಿಯಂತಹ ಗೂಡಿನೊಳಗೆ ನೊಣವಾಗಿ ಮಾರ್ಪಡುತ್ತದೆ. ಹೊರಬರುವುದು ಹೇಗೆ? ನೊಣದ ಹಣೆಯಿಂದ ಬಲೂನಿನಂತಹ ಒಂದು ಚೀಲ ಉಬ್ಬಿ ಹೊರಬಂದು ಗೂಡಿನ ಮುಚ್ಚಳವನ್ನು ತಳ್ಳಿ ತೆರೆಯುತ್ತದೆ. ಕೆಲಸ ಮುಗಿದ ಮೇಲೆ ಚೀಲ ತಲೆಯೊಳಗೆ ಸೇರಿಕೊಳ್ಳುತ್ತದೆ, ಮೀಸೆಗಳ ಮೇಲೆ ಕಮಾನಿನಂತಹ ಒಂದು ಗೆರೆ ಮಾತ್ರ ಜೀವನಪೂರ್ತಿ ಉಳಿಯುತ್ತದೆ. ಹಣೆಯಲ್ಲಿ ಈ ಗೆರೆ ಇರುವ ನೊಣಗಳಿಗೆ ಸ್ಕಿಜೋಫೋರಾ ಎನ್ನುತ್ತಾರೆ. ನೊಣಗಳ ಪ್ರಭೇದಗಳಲ್ಲಿ ಸುಮಾರು ಮೂರನೇ ಒಂದು ಭಾಗ ಈ ಬಳಗದವು. 1958ರಲ್ಲಿ ಹೆನ್ನಿಗ್ ಈ ಬಳಗದ ಕುಟುಂಬಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವುಗಳ ಪರಸ್ಪರ ಸಂಬಂಧವನ್ನು ವಿವರಿಸುವ ದೊಡ್ಡ ಲೇಖನ ಪ್ರಕಟಿಸಿದರು. ತಲೆಯ ಕೂದಲು, ರೆಕ್ಕೆಯ ನರ, ಹೊಟ್ಟೆಯ ಉಂಗುರಗಳು, ಹೀಗೆ ಪ್ರತಿಯೊಂದನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು, ಚಿತ್ರ ಬರೆದು, ಇದು ಹಳೆಯದೋ ಹೊಸದೋ ಎಂದು ಕೇಳುತ್ತಾ ಹೋದರು.

ಅವರು ಬೆಳೆದ ನೊಣವನ್ನು ಮಾತ್ರ ನೋಡಲಿಲ್ಲ. 1948ರಿಂದ 1952ರವರೆಗೆ ನೊಣಗಳ ಮರಿಹುಳುಗಳ ಬಗ್ಗೆಯೇ ಮೂರು ಸಂಪುಟಗಳನ್ನು ತಂದರು. ಒಂದು ಜೀವಿ ಎಂದರೆ ಅದರ ಒಂದು ದಿನದ ರೂಪವಲ್ಲ, ಮೊಟ್ಟೆಯಿಂದ ಕೊನೆಯವರೆಗಿನ ಇಡೀ ಬದುಕು ಎಂಬುದು ಅವರ ನಿಲುವು. ಮರಿಹುಳು ಹೇಳುವ ಕಥೆಯೂ ರೆಕ್ಕೆ ಹೇಳುವ ಕಥೆಯೂ ಒಂದಕ್ಕೊಂದು ತಾಳೆಯಾಗಬೇಕು. ಆಗದಿದ್ದರೆ ನಾವೇ ಎಲ್ಲೋ ತಪ್ಪಿದ್ದೇವೆ ಎಂದರ್ಥ.

ಗೋಡೆ ಎದ್ದ ದಿನ

ಯುದ್ಧದ ನಂತರ ಜರ್ಮನಿ ಎರಡಾಯಿತು, ಬರ್ಲಿನ್ ನಗರವೂ ಎರಡಾಯಿತು. ಹೆನ್ನಿಗ್ ಅವರ ಮನೆ ಪಶ್ಚಿಮ ಬರ್ಲಿನ್ನಿನಲ್ಲಿ, ಸಂಸ್ಥೆ ಪೂರ್ವ ಬರ್ಲಿನ್ನಿನಲ್ಲಿ. ವರ್ಷಗಟ್ಟಲೆ ಅವರು ಗಡಿ ದಾಟಿ ಕೆಲಸಕ್ಕೆ ಹೋಗಿ ಬರುತ್ತಿದ್ದರು. 1961ರ ಆಗಸ್ಟ್ 13ರಂದು ಪೂರ್ವ ಜರ್ಮನಿಯ ಸರ್ಕಾರ ಇದ್ದಕ್ಕಿದ್ದಂತೆ ಗಡಿ ಮುಚ್ಚಿ ಗೋಡೆ ಕಟ್ಟಲು ತೊಡಗಿತು. ಆಗ ಹೆನ್ನಿಗ್ ಮಗನೊಂದಿಗೆ ಫ್ರಾನ್ಸಿನ ಪ್ರವಾಸದಲ್ಲಿದ್ದರು. ಅವಸರದಲ್ಲಿ ಬರ್ಲಿನ್ನಿಗೆ ಹಿಂದಿರುಗಿದರು.

ಈಗ ಆಯ್ಕೆ ಅವರ ಮುಂದಿತ್ತು. ಕೆಲಸ ಉಳಿಯಬೇಕಾದರೆ ಸಂಸಾರ ಸಮೇತ ಗೋಡೆಯ ಆಚೆಗೆ ಹೋಗಿ ನೆಲೆಸಬೇಕು. ಈಚೆ ಉಳಿದರೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ನಂಟಿದ್ದ ಸಂಸ್ಥೆ, ಅದರ ಗ್ರಂಥಾಲಯ, ಪೆಟ್ಟಿಗೆ ಪೆಟ್ಟಿಗೆ ನೊಣಗಳ ಸಂಗ್ರಹ ಎಲ್ಲವೂ ಕೈತಪ್ಪುತ್ತವೆ. ವರ್ಗೀಕರಣ ಮಾಡುವ ವಿಜ್ಞಾನಿಗೆ ಸಂಗ್ರಹವಿಲ್ಲದಿರುವುದು ರೈತನಿಗೆ ಹೊಲವಿಲ್ಲದಂತೆ. ಹೆನ್ನಿಗ್ ಕೆಲಸ ಬಿಟ್ಟರು. ಪೂರ್ವ ಜರ್ಮನಿಯ ಆಡಳಿತದಡಿ ಬದುಕುವುದು ಅವರಿಗೆ ಬೇಕಿರಲಿಲ್ಲ. ಆಗ ಅವರಿಗೆ ನಲವತ್ತೆಂಟು ವರ್ಷ. ಸ್ವಲ್ಪ ಕಾಲ ಪಶ್ಚಿಮ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ತಾತ್ಕಾಲಿಕ ಕೆಲಸ ಮಾಡಿ, 1963ರಲ್ಲಿ ಸ್ಟುಟ್‌ಗಾರ್ಟಿನ ಪ್ರಕೃತಿ ವಸ್ತುಸಂಗ್ರಹಾಲಯಕ್ಕೆ ಸೇರಿದರು. ಅವರ ವಿಭಾಗವಿದ್ದದ್ದು ಪಕ್ಕದ ಲುಡ್ವಿಗ್ಸ್‌ಬುರ್ಗ್ ಊರಿನಲ್ಲಿ. ಹುಟ್ಟಿದ ನೆಲ ಬಿಟ್ಟು ಬೇರೆ ನಾಡಿನಲ್ಲಿ ಮತ್ತೆ ಮೊದಲಿನಿಂದ ಬದುಕು ಕಟ್ಟುವುದು ಎಂದರೇನು ಎಂದು ನಮ್ಮ ಪೋಷಕರಿಗೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಅವರು ಹೊಸ ಹೊಲವನ್ನು ಕಂಡುಕೊಂಡರು. ಕೋಟ್ಯಂತರ ವರ್ಷಗಳ ಹಿಂದೆ ಮರದಿಂದ ಒಸರಿದ ಅಂಟಿನಲ್ಲಿ ಸಿಕ್ಕಿಬಿದ್ದು, ಆ ಅಂಟು ಅಂಬರ್ ಎಂಬ ಹೊನ್ನಿನ ಬಣ್ಣದ ಕಲ್ಲಾದಾಗ ಒಳಗೇ ಉಳಿದುಹೋದ ನೊಣಗಳನ್ನು ಅಧ್ಯಯನ ಮಾಡಿದರು. ಕೂದಲೆಳೆ, ರೆಕ್ಕೆಯ ನರ ಕೂಡ ಅದರಲ್ಲಿ ಕಾಣುತ್ತವೆ. ಒಂದು ಲಕ್ಷಣ ಎಷ್ಟು ಹಳೆಯದು ಎಂಬ ಪ್ರಶ್ನೆಗೆ ಈ ಕಲ್ಲುಗಳು ನೇರ ಸಾಕ್ಷಿ ನುಡಿದವು.

ಜಗತ್ತು ಕಿವಿಗೊಟ್ಟದ್ದು

1950ರ ಪುಸ್ತಕವನ್ನು ಓದಿದವರು ಕಡಿಮೆ. ಯುದ್ಧದಿಂದ ಒಡೆದುಹೋದ ದೇಶದ ಪುಸ್ತಕ, ಭಾಷೆಯೂ ಕಠಿಣ. 1966ರಲ್ಲಿ ಅವರ ಪರಿಷ್ಕೃತ ಗ್ರಂಥ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ರಕಾಶನದಿಂದ ಇಂಗ್ಲಿಷಿನಲ್ಲಿ ಬಂದಾಗ ಪರಿಸ್ಥಿತಿ ಬದಲಾಯಿತು. ಅದೇ ವರ್ಷ ಸ್ವೀಡನ್ನಿನ ಲಾರ್ಸ್ ಬ್ರುಂಡಿನ್ ಹೆನ್ನಿಗ್ ಅವರ ಪದ್ಧತಿಯನ್ನೇ ಬಳಸಿ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ತಣ್ಣನೆಯ ತೊರೆಗಳಲ್ಲಿರುವ ಕಚ್ಚದ ಸಣ್ಣ ಸೊಳ್ಳೆಯಂತಹ ನೊಣಗಳು ಹತ್ತಿರದ ನೆಂಟರು ಎಂದು ತೋರಿಸಿದರು. ಸಾಗರದಾಚೆ ಈಚೆ ನೆಂಟರು ಹೇಗೆ? ಆ ನೆಲಗಳು ಹಿಂದೆ ಗೊಂಡ್ವಾನಾ ಎಂಬ ಒಂದೇ ಭೂಖಂಡವಾಗಿದ್ದವು ಎಂಬ ವಿವರಣೆಗೆ ಪುಟ್ಟ ನೊಣಗಳೂ ಸಾಕ್ಷಿಯಾದವು. ನಮ್ಮ ಭಾರತದ ನೆಲವೂ ಒಂದು ಕಾಲಕ್ಕೆ ಆ ಗೊಂಡ್ವಾನಾದ ಭಾಗವೇ ಆಗಿತ್ತು.

ಎಲ್ಲರೂ ಒಪ್ಪಲಿಲ್ಲ. ಹೆನ್ನಿಗ್ ಅವರ ನಿಯಮದಂತೆ ನಡೆದರೆ ಮೊಸಳೆಗೆ ಹಲ್ಲಿಗಿಂತ ಹಕ್ಕಿಯೇ ಹತ್ತಿರದ ನೆಂಟ. ಹಕ್ಕಿಗಳನ್ನು ಬಿಟ್ಟು ಸರೀಸೃಪ ಎಂಬ ಗುಂಪು ಮಾಡುವಂತಿಲ್ಲ. ಎರ್ನ್ಸ್ಟ್ ಮೇಯರ್ ಅವರಂತಹ ಹಿರಿಯ ಜೀವಶಾಸ್ತ್ರಜ್ಞರೇ ಇದನ್ನು ವಿರೋಧಿಸಿದರು. 1970ರ ದಶಕದಲ್ಲಿ ಬಿಸಿಬಿಸಿ ವಾದಗಳು ನಡೆದವು. ಹೆನ್ನಿಗ್ ಮಾತ್ರ ಸಂಕೋಚ ಸ್ವಭಾವದವರು, ವೇದಿಕೆಗಿಂತ ಸೂಕ್ಷ್ಮದರ್ಶಕವನ್ನೇ ಇಷ್ಟಪಟ್ಟವರು. ಟೀಕೆಗೆ ಬರಹದಲ್ಲಿ ಉತ್ತರಿಸಿ ಮತ್ತೆ ನೊಣಗಳ ಕಡೆ ತಿರುಗುತ್ತಿದ್ದರು. 1973ರಲ್ಲಿ ನೊಣಗಳ ಗಣದ ಬಗ್ಗೆ ಪ್ರಾಣಿಶಾಸ್ತ್ರದ ಕೈಪಿಡಿಯೊಂದಕ್ಕೆ ದೊಡ್ಡ ಸಂಪುಟ ಬರೆದುಕೊಟ್ಟರು. ಗೌರವಗಳು ತಡವಾಗಿ ಬಂದವು: 1968ರಲ್ಲಿ ಬರ್ಲಿನ್ನಿನಲ್ಲಿ ಗೌರವ ಡಾಕ್ಟರೇಟ್, 1970ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗೌರವ ಪ್ರಾಧ್ಯಾಪಕ ಸ್ಥಾನ, 1975ರಲ್ಲಿ ನ್ಯೂಯಾರ್ಕಿನ ಪ್ರಕೃತಿ ವಸ್ತುಸಂಗ್ರಹಾಲಯದ ಚಿನ್ನದ ಪದಕ.

1976ರ ನವೆಂಬರ್ 5ರಂದು ಹೃದಯಾಘಾತದಿಂದ ಅವರು ಲುಡ್ವಿಗ್ಸ್‌ಬುರ್ಗಿನಲ್ಲಿ ತೀರಿಕೊಂಡರು. ವಯಸ್ಸು ಅರವತ್ಮೂರು. ಅವರ ಗ್ರಂಥದ ಜರ್ಮನ್ ಮೂಲವನ್ನು 1982ರಲ್ಲಿ ಹೊರತಂದವರು ಅವರ ಹಿರಿಯ ಮಗ, ತಳಿವಿಜ್ಞಾನಿ ವೋಲ್ಫ್‌ಗಾಂಗ್ ಹೆನ್ನಿಗ್. ಅಂದಹಾಗೆ ಈ ಮಗ ಸಂಶೋಧನೆ ನಡೆಸಿದ್ದೂ ಹಣ್ಣಿನ ಸಣ್ಣ ನೊಣಗಳ ಮೇಲೆಯೇ!

ನಮಗೆ ಉಳಿದದ್ದು

ಇಂದು ವಿಜ್ಞಾನಿಗಳ ಕೈಯಲ್ಲಿ ಡಿಎನ್‌ಎ ಇದೆ. 2011ರಲ್ಲಿ ಅನೇಕ ದೇಶಗಳ ತಜ್ಞರು ಡಿಎನ್‌ಎ ಮತ್ತು ಅಂಗರಚನೆ ಎರಡನ್ನೂ ಸೇರಿಸಿ ನೊಣಗಳ ದೊಡ್ಡ ವಂಶವೃಕ್ಷವೊಂದನ್ನು ಪ್ರಕಟಿಸಿದರು. ಉದ್ದ ಮೀಸೆಯವು ಒಂದೇ ಮನೆಯವಲ್ಲ, ಗಿಡ್ಡ ಮೀಸೆಯವು ಮಾತ್ರ ಒಂದೇ ಮನೆಯವು ಎಂಬ ಮಾತು ಅಲ್ಲಿಯೂ ನಿಂತಿತು. ಹೆನ್ನಿಗ್ ಜೋಡಿಸಿದ ಕೆಲವು ಕುಟುಂಬಗಳು ಜಾಗ ಬದಲಿಸಿದವು. ಅದು ಅವರ ಸೋಲಲ್ಲ. ತಪ್ಪಿದ್ದರೆ ತಪ್ಪು ಎಂದು ತೋರಿಸಲು ಸಾಧ್ಯವಾಗುವಂತಹ ದಾರಿಯನ್ನು ಹಾಕಿಕೊಟ್ಟದ್ದೇ ಅವರ ದೊಡ್ಡ ಕೊಡುಗೆ. ತಜ್ಞರು ಹೇಳಿದ್ದಾರೆ ಎಂದು ನಂಬುವ ಬದಲು ಸಾಕ್ಷಿ ಏನು ಎಂದು ಯಾರು ಬೇಕಾದರೂ, ಒಬ್ಬ ವಿದ್ಯಾರ್ಥಿ ಕೂಡ, ಕೇಳಬಹುದಾಯಿತು. 2020ರ ನಂತರ ಕೊರೊನಾ ವೈರಸ್ಸಿನ ರೂಪಾಂತರಿಗಳನ್ನು ಕವಲು ಕವಲಾಗಿ ಗುರುತಿಸಿದ್ದೂ ಹೊಸದಾಗಿ ಹುಟ್ಟಿ ಹಂಚಿಕೆಯಾದ ಬದಲಾವಣೆಗಳನ್ನು ನೋಡಿಯೇ.

ಪ್ರಿಯ ವಿದ್ಯಾರ್ಥಿಗಳೇ, ಮುಂದಿನ ಬಾರಿ ಕಿಟಕಿಯ ಬಳಿ ಸತ್ತ ನೊಣವೊಂದು ಸಿಕ್ಕರೆ ಕಸದ ಬುಟ್ಟಿಗೆ ಹಾಕುವ ಮೊದಲು ಭೂತಗನ್ನಡಿಯಿಂದ ಒಮ್ಮೆ ನೋಡಿ. ರೆಕ್ಕೆ ಎಷ್ಟಿವೆ? ಅವುಗಳ ಹಿಂದೆ ಗುಂಡುತುದಿಯ ಕಡ್ಡಿಗಳು ಕಾಣುತ್ತವೆಯೇ? ಮೀಸೆ ಉದ್ದವೋ ಗಿಡ್ಡವೋ? ಹಣೆಯ ಮೇಲೆ ಕಮಾನಿನ ಗೆರೆ ಇದೆಯೇ? ನೋಡಿದ್ದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಮೇಲೆ ಕೈ ತೊಳೆಯಲು ಮಾತ್ರ ಮರೆಯಬೇಡಿ. ರೈಲ್ವೆ ಕೆಲಸಗಾರರ ಮಗನೊಬ್ಬ ಸೆರೆಯಲ್ಲಿದ್ದುಕೊಂಡೇ ಒಂದು ನೋಟ್‌ಬುಕ್ಕಿನಲ್ಲಿ ಅಷ್ಟು ದೊಡ್ಡ ವಿಚಾರವನ್ನು ಬರೆದಿಡಲು ಸಾಧ್ಯವಾದದ್ದು ಹೀಗೆ ತಾಳ್ಮೆಯಿಂದ ನೋಡುವುದನ್ನು ಅವರು ಶಾಲೆಯ ದಿನಗಳಲ್ಲೇ ಕಲಿತಿದ್ದರಿಂದ.